ಹಿತ್ತಾಳೆ ಸರಳು

ಆಲ್ಬಮಿನ ಏಳನೆಯ ಪುಟ ತಿರುವಿದ ಬದರುನ್ನಿಸಾಳ ಕೈ ಅಲ್ಲೇ ನಿಂತಿತು. ಸರ್ವೋತ್ತಮನಿಗೆ ಅದು ಮೆಚ್ಚುಗೆಯಾಗಿ ಕಂಡಿತು. ಕಾಣದೇ ಇರುತ್ತದೆಯೇ? ಆ ಪುಟ ತೋರಿಸಲೆಂದೇ ಅಲ್ಲವೇ ಅವಳನ್ನು ಊಟಕ್ಕೆ ಕರೆದದ್ದು!

"ಈ ಹಳೇ ಕಾರ್ಡುಗಳ ಅಕ್ಷರ ನೋಡಿ, ಎಷ್ಟು ದುಂಡಗೆ! ಆಗೆಲ್ಲ ಲೈಬ್ರರಿ ಸ್ಕೂಲಲ್ಲಿ ಇದನ್ನ ತಿದ್ದಿಸಿಯೇ ಕಳಿಸ್ತಿದ್ರಂತೆ. ಕೆಳಗಡೆ ತೂತು ಅಸಹ್ಯ ಕಾಣ್ತದೆ ಅಂತ ಅಂಚು ಕತ್ತರಿಸಿದೆ, ಅಷ್ಟೆ."

ಅಮೆರಿಕದ ಹಳೆಯ ಲೈಬ್ರರಿಗಳೆಂದರೆ ಈ ಮಹಾಶಯನಿಗೆ ಹುಚ್ಚು. ಊರೂರಿಗೆ ಲೈಬ್ರರಿ ಕಟ್ಟಿಸಿಕೊಟ್ಟ ಉಕ್ಕಿನ ಧಣಿಯ ಕಥೆ ಒಪ್ಪಿಸದೆ ಮನೆಗೆ ಬಂದವರಿಗೆ ಕಾಫಿ ಕೊಟ್ಟವನಲ್ಲ. ಫಾಸ್ಟರ್ ಸಿಟಿಯ ಅಪಾರ್ಟ್‌ಮೆಂಟಿನ ಗೋಡೆಯಲ್ಲಿ ದೇವರ ಪಟಕ್ಕಿಂತ ಲೈಬ್ರರಿಗಳ ಪೋಸ್ಟ್‌ಕಾರ್ಡುಗಳೇ ಹೆಚ್ಚು. ಗಾಜಿನ ಕಪಾಟಿನಲ್ಲಿ ತಾರೀಖಿನ ಮೊಹರುಗಳು, ಡ್ರಾಯರಿನ ಹಿಡಿಗಳು, ಕಾರ್ಡುಗಳು ಚೆದುರದಂತೆ ಅವುಗಳ ತೂತಿನಲ್ಲಿ ಪೋಣಿಸುವ ಒಂದು ಹಿತ್ತಾಳೆ ಸರಳು. ವಾರವಿಡೀ ಆಫೀಸಿನಲ್ಲಿ ಎರಡು ಸಾವಿರನೇ ಇಸವಿಗೆ ಕಂಪ್ಯೂಟರುಗಳನ್ನು ಸಜ್ಜು ಮಾಡುವುದು. ಶನಿವಾರ ಸೇತುವೆಯಾಚೆಯ ಸಣ್ಣ ಊರಿನ ಲೈಬ್ರರಿಯಲ್ಲಿ ಬಿಟ್ಟಿ ಸೇವೆ. ಮೈಸೂರಿನ ಬದರುನ್ನಿಸಾ ಅಲ್ಲಿ ತಾತ್ಕಾಲಿಕ ನೌಕರಿಯಲ್ಲಿದ್ದಳು. ಪುಸ್ತಕಗಳ ವಿವರವಿದ್ದ ಕಾರ್ಡುಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಏರಿಸುವುದು ಅವಳ ಕೆಲಸ. ಏರಿಸಿಯಾದ ಕಾರ್ಡು ಕಸಕ್ಕೆ.

"ಇದೆಲ್ಲ ಎಲ್ಲಿ ಸಿಕ್ತು ಸರ್?"

"ಕಿಟಕಿ ಪಕ್ಕದ ಡ್ರಾಯರಲ್ಲಿ. ಹೇಗೂ ಬಿಸಾಡ್ತಾರಲ್ಲ ಅಂತ ಸರಳು ಎಳೆದು ತಂದೆ."

"ಅದಿನ್ನೂ ಏರಿಸಿರ್ಲಿಲ್ಲ ಸರ್. ಆ ಊರಿನ ಹಿಸ್ಟರಿದು. ನಲವತ್ತೊಂದು ಕಾರ್ಡು." ಅವಳ ದನಿ ಏರಲಿಲ್ಲ. "ಸರಳು ತೆಗೆಯೋದು ನೀನೊಬ್ಳೇ ಅಲ್ವಾ ಅಂದ್ರು ಲೈಬ್ರರಿ ಮೇಡಂ. ನಾನೇ ಕಳೆದಿರ್ಬೇಕು ಅಂತ ಬರ್ಕೊಟ್ಟೆ. ಪರ್ಮನೆಂಟ್ ಮಾಡೋರಿದ್ರು, ಬೇರೆಯವ್ರನ್ನ ತಗೊಂಡ್ರು. ಬರೋ ಶುಕ್ರವಾರ ನಂಗೆ ಲಾಸ್ಟ್ ಡೇ."

ಸರ್ವೋತ್ತಮನ ಕಿವಿ ಬಿಸಿಯಾಯಿತು. ಕಾರ್ಡು ಕಾಣೆಯಾಗಿದೆಯೆಂದು ಅವಳು ಅತ್ತ ಶನಿವಾರ ಇವನೂ ಮೊಣಕಾಲೂರಿ ಕಪಾಟಿನಡಿ ಹುಡುಕಿದ್ದ. ಹುಡುಕಿದ್ದಷ್ಟೇ ಆಗಿದ್ದರೆ ಸರಿ, "ಹಳೇ ವಸ್ತು ಜೋಪಾನ ಮಾಡ್ಬೇಕಮ್ಮಾ" ಎಂದು ಬುದ್ಧಿ ಬೇರೆ ಹೇಳಿದ್ದ! ತಾನು ತಂದದ್ದು ಉಳಿಸಿದ್ದು, ಅವಳದ್ದು ಕಳೆದದ್ದು. ಎರಡೂ ಒಂದೇ ಎಂದು ಅವನ ತಲೆಗೆ ಹೊಳೆದಿರಲೇ ಇಲ್ಲ.

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಸೌದಾಮಿನಿ ಸೌಟು ಹಿಡಿದು ನಿಂತಿದ್ದಳು. "ಎಂತ ಮಾರಾಯ್ರೆ ಇದು? ಕೇಳದೆ ತಂದದ್ದಾ?"

ಅವನು ಆಲ್ಬಮ್ಮು ಮುಚ್ಚಿಟ್ಟ. ಬಡಿಸಿದ ನೀರುದೋಸೆ ಆರಿತು. ಬದರುನ್ನಿಸಾ ಎರಡು ತುತ್ತು ತಿಂದು, ಸೌದಾಮಿನಿಗೆ ಮಾತ್ರ ಹೇಳಿ ಹೊರಟಳು.

ಸೋಮವಾರ ರಜೆ ಹಾಕಿ, ಆಲ್ಬಮ್ಮು, ಸರಳು ಎರಡನ್ನೂ ಹಿಡಿದು ಲೈಬ್ರರಿಗೆ ಹೋದ. ತಪ್ಪು ತನ್ನದೆಂದು ಮೇಲಧಿಕಾರಿಯ ಮುಂದೆ ತಲೆತಗ್ಗಿಸಿ ಹೇಳಿದ. ಬೈದರೆ ಸಾಕಿತ್ತು. ಆಕೆಯೋ, ಇಷ್ಟು ಚೆನ್ನಾಗಿ ಕಾಪಾಡಿದ್ದಕ್ಕೆ ಥ್ಯಾಂಕ್ಸ್ ಎಂದು ಕೈಕುಲುಕಿದಳು. ಬದರುನ್ನಿಸಾಳ ಹೆಸರಿನ ಮೇಲಿದ್ದ ತಪ್ಪು ಅಳಿಸುತ್ತೇವೆ, ಹುದ್ದೆ ಮಾತ್ರ ತುಂಬಿಹೋಗಿದೆ ಎಂದಳು.

ಕಿಟಕಿ ಪಕ್ಕದ ಮೇಜಿನಲ್ಲಿ ಬದರುನ್ನಿಸಾ ಕಾರ್ಡುಗಳನ್ನು ಬಿಡಿಸಿ, ಸರದಿ ನೋಡಿ ಡ್ರಾಯರಿನಲ್ಲಿ ಜೋಡಿಸಿದಳು.

"ನಾನು ಮಾಡಿದ್ದು ಕಳ್ಳತನವೇ, ಬದರುನ್ನಿಸಾ ಅವರೇ," ಎಂದ ಸರ್ವೋತ್ತಮ.

 ಅವಳು ಸರಳಿಗಾಗಿ ಕೈ ಚಾಚಿದಳು. ಕೊಟ್ಟ. ಡ್ರಾಯರಿನ ಮುಂಬದಿಯ ರಂಧ್ರದಿಂದ ಅವಳು ತೂರಿಸಿದ ಸರಳು ಒಂದು ಕಾರ್ಡನ್ನೂ ತಾಗದೆ, ಕತ್ತರಿಸಿದ ಅಂಚುಗಳ ಕೆಳಗೆ ಸಲೀಸಾಗಿ ಹಾದು, ಹಿಂಬದಿಯ ಹಲಗೆಗೆ ಟಕ್ಕೆಂದು ಬಡಿಯಿತು.