ಒಪ್ಪಿಗೆಯ ಗುಂಡಿ

ಕೊಪ್ಪದ ಬಸ್‌ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದ ದೀಪಶ್ರೀ ಮುತ್ತಿನಕೊಪ್ಪದ ತೋಟದ ಕೂಲಿಯವರ ಮಗಳು. ಬಿಡುವಾದಾಗಲೆಲ್ಲ, ಕಣ್ಣು ಕಾಣದವರಿಗೆ ಪರದೆಯ ಮೇಲಿನ ಕನ್ನಡವನ್ನು ಓದಿ ಹೇಳುವ ಒಂದು ಮುಕ್ತ ತಂತ್ರಾಂಶಕ್ಕೆ ಕೋಡ್ ಬರೆಯುತ್ತಿದ್ದಳು. ಅದನ್ನು ನಡೆಸುತ್ತಿದ್ದವನು ಶೃಂಗೇರಿಯ ಯೋಗೇಂದ್ರ. ಯಾರು ಏನು ಬರೆದರೂ ಅವನೋ ಅವನ ಜೊತೆಗಿದ್ದ ಇನ್ನಿಬ್ಬರಲ್ಲಿ ಒಬ್ಬರೋ ಒಪ್ಪಿದರೆ ಮಾತ್ರ ಒಳಗೆ ಸೇರುತ್ತಿತ್ತು.

ಆ ತಂತ್ರಾಂಶ ಆಗಾಗ ತಾನಾಗಿಯೇ ಮುಚ್ಚಿಹೋಗುತ್ತಿತ್ತು. ಅದರಲ್ಲಿ ಒಟ್ಟಿಗೇ ಓಡುವ ಎರಡು ಕೆಲಸದ ಎಳೆಗಳಿವೆ: ಒಂದು ಎಳೆ, ಅಂದರೆ ಥ್ರೆಡ್, ಅಕ್ಷರಗಳನ್ನು ಮೆಮೊರಿಗೆ ತುಂಬುತ್ತದೆ, ಇನ್ನೊಂದು ಓದಿ ಹೇಳುತ್ತದೆ. ಓದು ಮುಗಿಯುವ ಮೊದಲೇ ಆ ಮೆಮೊರಿಯನ್ನು ಬಿಟ್ಟುಕೊಟ್ಟರೆ ಎಲ್ಲ ಕುಸಿಯುತ್ತದೆ. ಒಂದು ತುಂಡು ಮೆಮೊರಿಗೆ ಒಂದು ಹೊತ್ತಿಗೆ ಒಂದೇ ಥ್ರೆಡ್ ಯಜಮಾನನಾಗಿರುವಂತೆ ದೀಪಶ್ರೀ ಮೂರು ತಿಂಗಳು ಕೂತು ಹೊಸದಾಗಿ ಬರೆದಳು. ಯೋಗೇಂದ್ರ ಬೇಡವೆಂದ. ತಿಂಗಳಾದ ಮೇಲೆ ಅದೇ ಕೋಡ್ ಅವನ ಹೆಸರಿನಲ್ಲಿ ಸೇರಿತ್ತು.

ಅವಳು ಕೇಳಿದ್ದಕ್ಕೆ ಎಲ್ಲರೂ ಓದುವ ಕಡೆಯೇ ಅವನು ಉತ್ತರ ಬರೆದ: “ಪ್ರಿಂಟರ್ ಬಿಚ್ಚುವವರಿಗೆ ಥ್ರೆಡ್‌ಗಳ ಗೊಡವೆ ಬೇಡ.”

ದೀಪಶ್ರೀ ಆ ರಾತ್ರಿ ಅವನು ಸೇರಿಸಿದ ಕೋಡನ್ನು ಓದಿದಳು. ಅವನು ಕದ್ದಿದ್ದು ಅವಳ ಮೊದಲ ಕರಡು. ಓದನ್ನು ನಡುವೆ ನಿಲ್ಲಿಸಿದರೆ ಎರಡೂ ಥ್ರೆಡ್‌ಗಳು ಒಂದೇ ಮೆಮೊರಿಯನ್ನು ಬಿಟ್ಟುಕೊಡುವ ತಪ್ಪು ಅದರಲ್ಲಿತ್ತು. ಅವನು ಬೇಡವೆಂದ ಮೇಲೆ ಅವಳು ತನ್ನ ಪ್ರತಿಯಲ್ಲಿ ಅದನ್ನು ಸರಿಮಾಡಿದ್ದಳು. ಈಗ ಯಾರಿಗೂ ಹೇಳದೆ ಸುಮ್ಮನಿದ್ದಳು.

ಎರಡು ತಿಂಗಳಾದ ಮೇಲೆ ಯೋಗೇಂದ್ರ ಕೊಪ್ಪದಲ್ಲೇ ಆ ತಂತ್ರಾಂಶದ ಪ್ರದರ್ಶನ ಇಟ್ಟುಕೊಂಡ. ದೃಷ್ಟಿ ಕಳೆದುಕೊಂಡಿದ್ದ ನಿವೃತ್ತ ಶಿಕ್ಷಕಿ ಯಮುನಮ್ಮನನ್ನು ದೀಪಶ್ರೀ ಕೈಹಿಡಿದು ಕರೆತಂದು ಮುಂದೆ ಕೂರಿಸಿದಳು. ಯಂತ್ರ ಸ್ಪಷ್ಟವಾಗಿ ಓದಿತು. ಜನ ಚಪ್ಪಾಳೆ ತಟ್ಟಿದರು.

ದೀಪಶ್ರೀ ಎದ್ದು ನಿಂತಳು. “ಸರ್, ಓದ್ತಾ ಇರೋವಾಗ ಮಧ್ಯ ನಿಲ್ಸಿ.”

ನಿಲ್ಲಿಸಿದ. ತಂತ್ರಾಂಶ ಮುಚ್ಚಿಹೋಯಿತು. ಮತ್ತೆ ತೆರೆದು ನಿಲ್ಲಿಸಿದ. ಮತ್ತೆ ಹೋಯಿತು.

“ಯಾಕೆ ಹೀಗಾಗುತ್ತೆ, ಹೇಳಿ ಸರ್. ನೀವೇ ಬರ್ದಿದ್ದಲ್ವಾ?”

ಅವನು ಪರದೆ ನೋಡಿದ, ಗೋಡೆ ನೋಡಿದ. ದೀಪಶ್ರೀ ಬಿಳಿ ಹಲಗೆಯ ಬಳಿ ಹೋಗಿ ಎರಡು ಗೆರೆ ಎಳೆದು ಎಲ್ಲವನ್ನೂ ವಿವರಿಸಿದಳು. ಆಮೇಲೆ ಮೊದಲ ಕರಡನ್ನು ದಿನಾಂಕದ ಸಮೇತ ತೆರೆದು ತೋರಿಸಿದಳು. ಯೋಗೇಂದ್ರನ ಕಿವಿ ಕೆಂಪಾಗುವುದನ್ನು ಕಣ್ತುಂಬ ನೋಡಿದಳು.

ಹೊರಗೆ ಬರುವಾಗ ಯಮುನಮ್ಮ ಕೇಳಿದರು, “ನಿಂಗೆ ಇದು ಮೊದ್ಲೇ ಗೊತ್ತಿತ್ತಾ?”

“ಹೌದು ಟೀಚರೇ.”

“ನಮ್ಮನೇಲಿ ಓದು ನಿಲ್ಸಿದ್ರೆ ಸಾಕು, ದಿನಾ ಮುಚ್ಚಿ ಹೋಗ್ತಿತ್ತು ಮಾರಾಯ್ತಿ. ನಾನೇ ಎಂತದೋ ಹಾಳು ಮಾಡ್ದೆ ಅಂತ ಮುಟ್ಟೋದೇ ಬಿಟ್ಟಿದ್ದೆ.”

“ತಪ್ಪಾಯ್ತು,” ಎಂದಳು ದೀಪಶ್ರೀ. ಯಮುನಮ್ಮ ಕೈ ಬಿಡಿಸಿಕೊಳ್ಳಲಿಲ್ಲ.

ಅಂಗಡಿಗೆ ಬಂದವಳೇ ತಿದ್ದಿದ ಕೋಡನ್ನು ತನ್ನ ಹೆಸರಿನಲ್ಲಿ ಕಳಿಸಿದಳು. ಒಪ್ಪಿಗೆ ಕೊಡಲು ಬೇರೆ ಇಬ್ಬರಿದ್ದರು. ಅವಳು ಬೇಕೆಂದೇ ಯೋಗೇಂದ್ರನನ್ನು ಆರಿಸಿದಳು.

ಮೂರನೆಯ ದಿನ ಅವನು ಒಪ್ಪಿಗೆಯ ಗುಂಡಿ ಒತ್ತಿದ. ಕೆಳಗೆ ‘ಧನ್ಯವಾದ’ ಎಂದಷ್ಟೇ ಬರೆದಿದ್ದ. ದೀಪಶ್ರೀ ಅದಕ್ಕೆ ಉತ್ತರಿಸದೆ, ಹೊಸ ಆವೃತ್ತಿಯನ್ನು ಹಾಕಿಕೊಡಲು ಯಮುನಮ್ಮನ ಮನೆಗೆ ಹೊರಟಳು.