ಆರು ದೇಶಗಳ ಸಂತೆ

ತಿಕೋಟಾದ ಬೋರವ್ವ ವಿಜಾಪುರದ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಳು. ಅದು ೧೯೬೨ನೆಯ ಇಸವಿ. ಅರ್ಥಶಾಸ್ತ್ರ ಕಲಿಸುವ ಬಸಲಿಂಗಯ್ಯ ಮಾಸ್ತರರು ಭಾಷಣ ಸ್ಪರ್ಧೆಗೆ ಅವಳ ಹೆಸರು ಸೇರಿಸಿ, ಯುರೋಪಿನ ಆರು ದೇಶಗಳು ಕೂಡಿ ಕಟ್ಟಿಕೊಂಡ ಮಾರುಕಟ್ಟೆಯ ಕುರಿತು ಮಾತಾಡು ಎಂದಿದ್ದರು. ಭಾನುವಾರ ಊರಿಗೆ ಬಂದವಳು, ರೊಟ್ಟಿ ಬಡಿಯುತ್ತಿದ್ದ ಅವ್ವ ತಾಯವ್ವನ ಮುಂದೆ ಕುಳಿತು ಭಾಷಣ ಒಪ್ಪಿಸತೊಡಗಿದಳು.

"ಫ್ರಾನ್ಸ್, ಜರ್ಮನಿ, ಇಟಲಿ..."

ತಾಯವ್ವನ ಕೈ ನಿಂತಿತು. ಬೋರವ್ವ ಹಾಲು ಕುಡಿಯುವ ಕೂಸಾಗಿದ್ದಾಗ ಮಹಾಯುದ್ಧಕ್ಕೆಂದು ಇಂಗ್ಲಿಷರ ದಂಡಿಗೆ ಹೋದ ಗಂಡ ಸಿದ್ದರಾಯ, ಇಟಲಿಯಲ್ಲಿ ಜರ್ಮನರ ಗುಂಡಿಗೆ ಸತ್ತಿದ್ದ. ದೂರದ ದೇಶಗಳಲ್ಲಿ ಅವಳಿಗೆ ಗೊತ್ತಿದ್ದವು ಆ ಎರಡೇ. ಅಂದಿನಿಂದ ಆ ಹೆಸರುಗಳನ್ನಾಗಲಿ, ಗಂಡನ ಸುದ್ದಿಯನ್ನಾಗಲಿ ಅವಳು ಬಾಯಿಗೆ ತಂದವಳಲ್ಲ.

"ಆ ಎರಡೂ ಮಂದಿ ಈಗ ಕೂಡ್ಯಾರೇನು?"

"ಹೂಂನವ್ವಾ. ಮೊದಲ ಕಲ್ಲಿದ್ದಲು, ಉಕ್ಕು ಎಲ್ಲಾರ ಮ್ಯಾಲಿನ ಒಂದು ಮಂಡಳಿ ಕೈಯಾಗ ಕೊಟ್ರು. ತೋಪು, ಬಂದೂಕು ಆಗೂದು ಅದರಿಂದನ ಅಲ್ಲಾ? ಯಾರೂ ಕದ್ದು ತೋಪು ಮಾಡಬಾರದು ಅಂತ. ಆಮ್ಯಾಲ ರೋಮ್ ಊರಾಗ ಕುಂತು ಕರಾರ ಮಾಡಿಕೊಂಡ್ರು. ಒಬ್ಬರ ಸರಕಿಗೆ ಇನ್ನೊಬ್ಬರು ಹಾಕೂ ಸುಂಕ ಇಳಸಾಕತ್ತಾರ. ಯಾರರ ಕರಾರ ಮುರದ್ರ ಆರೂ ದೇಶಕ್ಕ ಒಂದ ಕೋರ್ಟ್ ಐತಿ. ಸರಕಾರಾನೂ ಅದರ ಮಾತು ಕೇಳಬೇಕು."

"ಇದನ್ನ ಮೊದಲ ಮಾಡಾಕ ಏನಾಗಿತ್ತು ಅವರಿಗೆ?"

ಹಂಚಿನ ಮೇಲೆ ರೊಟ್ಟಿ ಕಪ್ಪಾಯಿತು. ತಾಯವ್ವ ಎದ್ದು ಹಿತ್ತಲಿಗೆ ಹೋದಳು. ಓದಿನ ಹುರುಪಿನಲ್ಲಿ ಅಪ್ಪನನ್ನೇ ಮರೆತೆನಲ್ಲ ಎಂದು ಬೋರವ್ವನಿಗೆ ಆಗ ಹೊಳೆಯಿತು. ಹಿಂದೆಯೇ ಓಡಿದಳು.

"ಈ ಭಾಷಣ ಬ್ಯಾಡವ್ವಾ. ಸರ್‌ಗೆ ಹೇಳಿ ಬ್ಯಾರೆ ವಿಷಯ ತಗೊಂತೇನಿ."

ತಾಯವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ನೀ ಮಾತಾಡು. ನನ್ನಂಥಾ ಹೆಣ್ಮಕ್ಕಳು ಅಲ್ಲೂ ಇದ್ದಾರು. ಅವರ ಮಕ್ಕಳರ ಉಳೀಲಿ. ನಾನೂ ಬರ್ತೇನಿ ಕೇಳಾಕ."

ಭಾಷಣದ ದಿನ ಅವಳು ಸಭೆಯ ಕಡೆಯ ಬೆಂಚಿನಲ್ಲಿ ಬಂದು ಕುಳಿತಳು. ಬೋರವ್ವ ಮುಗಿಸುತ್ತಲೇ ಒಬ್ಬ ಹುಡುಗ ಎದ್ದು ನಿಂತ. "ಲಾಭಕ್ಕ ಕೂಡಿದವರು ನಾಳೆ ಮತ್ತ ಜಗಳಾ ಆಡೂದಿಲ್ಲಂತ ಏನು ಖಾತ್ರಿ?"

"ಜಗಳಾ ಈಗೂ ಆಡ್ತಾರ, ಗೋದಿ ಧಾರಣಿ ಸಲುವಾಗಿ," ಎಂದಳು ಬೋರವ್ವ. "ಆದ್ರ ಕುಂತು ಆಡ್ತಾರ್ರಿ. ನಮ್ಮಪ್ಪ ಇಟಲಿಯಾಗ ಮಣ್ಣಾಗ್ಯಾನ. ನನಗ ಅಷ್ಟಾದ್ರ ಸಾಕು."

ಬಹುಮಾನ ಬೇರೆಯವರಿಗೆ ಹೋಯಿತು. ತಾಯಿ ಮಗಳು ಸ್ಟೇಷನ್ ರಸ್ತೆಯಲ್ಲಿ ಚಹಾ ಕುಡಿದು ಬಸ್ಸು ಹತ್ತಿದರು.

"ಅಲ್ಲಿ ಸರಕಿನಂಗ ಮಂದೀನೂ ಸುಮ್ನ ಗಡಿ ದಾಟಾಕ ಬಿಡ್ತಾರೇನು?" ತಾಯವ್ವ ಕೇಳಿದಳು.

"ಇನ್ನೂ ಇಲ್ಲವ್ವಾ. ನಿಲ್ಲಿಸಿ ಕಾಗದಾ ಕೇಳ್ತಾರ."

ಬಸ್ಸು ತೊರವಿ ಊರು ದಾಟಿದ ಮೇಲೆ ತಾಯವ್ವ ಒಮ್ಮೆಲೇ ನಕ್ಕಳು.

"ನಿಮ್ಮಪ್ಪ ಕುರಿ ಕರಿಯಾಕ ಸಿಳ್ಳಿ ಹೊಡೀತಿದ್ದ. ಲಗ್ನಾದ ಹೊಸದಾಗ ನನ್ನ ಕರಿಯಾಕತ್ತಾನ ಅನ್ಕೊಂಡು ನಾ ಹೊರಗ ಓಡಿ ಬರ್ತಿದ್ದೆ."

ಬೋರವ್ವ ಅವಳ ತೋಳು ಹಿಡಿದುಕೊಂಡಳು. "ಆಮ್ಯಾಲ?"

ತಿಕೋಟಾದಲ್ಲಿ ಇಳಿಯುವ ತನಕ ತಾಯವ್ವ ಮಾತು ನಿಲ್ಲಿಸಲಿಲ್ಲ.