ಗರಗಸದ ಶೆಡ್ಡಿನ ಅತ್ತಿಗೆ

ಅತ್ತಿಗೆಯ ಕೋಟಿನ ಬಲಜೇಬಿನಲ್ಲಿ ಯಾವಾಗಲೂ ಎರಡೋ ಮೂರೋ ಸ್ಪಾರ್ಕ್ ಪ್ಲಗ್‌ಗಳು ಗಲಗಲ ಎನ್ನುತ್ತಿದ್ದವು. ಆ ಸದ್ದು ಕಿವಿಗೆ ಬಿದ್ದರೆ ಅವರು ಬರುತ್ತಿದ್ದಾರೆಂದು ಕಚೇರಿಯಲ್ಲಿ ಕೂತ ನಮಗೆ ತಿಳಿಯುತ್ತಿತ್ತು. ಮರ ಕಡಿಯುವ ಪೆಟ್ರೋಲ್ ಗರಗಸ ರಿಪೇರಿಗೆಂದು ಅವರ ಶೆಡ್ಡಿಗೆ ಬಂದೊಡನೆ ಅವರು ಮೊದಲು ಮಾಡುತ್ತಿದ್ದ ಕೆಲಸ ಅದರ ಪ್ಲಗ್ ಬಿಚ್ಚಿ ಜೇಬಿಗೆ ಹಾಕಿಕೊಳ್ಳುವುದು. ಆಮೇಲೆ ಚಾಲೂ ಮಾಡುವ ಹಗ್ಗವನ್ನು ಯಾರು ಎಷ್ಟು ಎಳೆದರೂ ಯಂತ್ರ ಮಿಸುಕುತ್ತಿರಲಿಲ್ಲ. ಊರಿನ ರಸ್ತೆಮರಗಳ ಉಸ್ತುವಾರಿ ಹೊತ್ತ ನಮ್ಮ ಇಲಾಖೆಯ ಅಂಗಳದಲ್ಲಿ ಮೇಲಧಿಕಾರಿಯ ಸಹಿಗಿಂತ ಆ ಜೇಬಿನ ಮಾತೇ ಹೆಚ್ಚು ನಡೆಯುತ್ತಿತ್ತು ಎಂದರೆ ಅತಿಶಯೋಕ್ತಿಯಲ್ಲ. ಅವರ ಮನಸ್ಸಿಗೆ ಸಮಾಧಾನವಾದ ಮೇಲೆಯೇ ಪ್ಲಗ್ ಗರಗಸಕ್ಕೆ, ಗರಗಸ ಕಡಿಯುವವನ ಕೈಗೆ.

ಅವರು ಜಗತ್ತಿಗೆಲ್ಲ ಅತ್ತಿಗೆಯಾದದ್ದು ಒಬ್ಬ ಮೈದುನನ ದೆಸೆಯಿಂದ. ಕಡಿಯುವ ತಂಡದ ಮೇಸ್ತ್ರಿ ಅವರ ಗಂಡನ ತಮ್ಮ. ಅವನು ಕರೆದದ್ದನ್ನು ಕೇಳಿ ತಂಡವೆಲ್ಲ ಹಾಗೇ ಕರೆಯಿತು. ಕೊನೆಗೆ ಅವರಿಗಿಂತ ಹತ್ತು ವರ್ಷ ಹಿರಿಯನಾದ ಕಾವಲುಗಾರನೂ ಸಂಕೋಚವಿಲ್ಲದೆ ಅತ್ತಿಗೆ ಎಂದ. ಗಂಡ ದರ್ಜಿ. "ನಮ್ಮನೇಲಿ ಇಬ್ರೂ ಕತ್ತರಿಸೋರೇ, ಹೊಲಿಯೋಕೆ ಮಾತ್ರ ಅವರೊಬ್ರೇ" ಎಂದು ಅತ್ತಿಗೆ ನಗುತ್ತಿದ್ದರು. ಮೊಣಕಾಲು ಮುಟ್ಟುವ ಆ ನೀಲಿ ಕೋಟು ಗಂಡನೇ ಹೊಲಿದುಕೊಟ್ಟದ್ದು. ಹೆಂಡತಿಯ ಅಳತೆ ತಪ್ಪಿಸಿದ ದರ್ಜಿ ಎಂದು ನಾವು ಛೇಡಿಸಿದರೆ, ಅಳತೆ ತೆಗೆದದ್ದು ತನ್ನದಲ್ಲ, ಜೇಬಿನದು ಎನ್ನುವ ಉತ್ತರ ಸಿದ್ಧವಾಗಿರುತ್ತಿತ್ತು.

ಬೀದಿಯಲ್ಲಿ ಅವರ ನಡಿಗೆ ಬಲು ಬಿರುಸು. ಜೊತೆಗೆ ನಡೆದವರಿಗೆ ಏದುಸಿರು. ಶೆಡ್ಡಿನ ಹೊಸ್ತಿಲು ದಾಟಿದರೆ ಮಾತ್ರ ಕೈಕಾಲುಗಳಿಗೆ ಬೇರೆಯೇ ಒಂದು ಕಾಲಮಾನ ಬರುತ್ತಿತ್ತು. ಏರ್ ಫಿಲ್ಟರನ್ನು ಬಿಚ್ಚಿ ಅಂಗೈಗೆ ಮೆಲ್ಲಗೆ ತಟ್ಟಿ, ಚೈನು ಓಡುವ ಪಟ್ಟಿಯ ಸಂದಿಯಿಂದ ಎಣ್ಣೆಯಲ್ಲಿ ನೆಂದು ಹಿಟ್ಟಾದ ಮರದ ಹುಡಿಯನ್ನು ತೆಳು ತಗಡಿನಿಂದ ಕೆರೆದು, ಒಂದೇ ಅಂಚು ಸವೆಯದಿರಲೆಂದು ಪಟ್ಟಿಯನ್ನು ತಲೆಕೆಳಗು ಮಾಡಿ ಕೂರಿಸಿ, ಆಮೇಲೆ ದುಂಡನೆಯ ಅರ ಹಿಡಿದು ಒಂದೊಂದು ಹಲ್ಲಿಗೂ ಎಣಿಸಿ ಮೂರೇ ಮೂರು ಸಲ ಉಜ್ಜುತ್ತಿದ್ದರು. ಅರ ಮುಂದಕ್ಕೆ ಹೋಗುವಾಗ ಮಾತ್ರ ಹಲ್ಲನ್ನು ಮುಟ್ಟಬೇಕು, ಹಿಂದಕ್ಕೆ ಬರುವಾಗ ಗಾಳಿಯಲ್ಲಿ ಬರಬೇಕು. ಚೈನನ್ನು ಬೆರಳಿನಿಂದ ಎತ್ತಿದರೆ ತುಸು ಏಳಬೇಕು, ಬಿಟ್ಟರೆ ಪಟ್ಟನೆ ಕೂರಬೇಕು. ಹೊರಗೆ ಯಾರಾದರೂ ಅವಸರಿಸಿದರೆ ತಲೆಯೆತ್ತದೆ ಹೇಳುತ್ತಿದ್ದ ಮಾತು ಒಂದೇ: "ಅವಸರ ಇದ್ದೋರು ನಿನ್ನೆ ಬರ್ಬೇಕಿತ್ತು." ಇದನ್ನು ಅವರು ಮೇಲಧಿಕಾರಿಗೂ ಹೇಳಿದ್ದುಂಟು, ಆ ಮನುಷ್ಯ ಬಾಯಿಮುಚ್ಚಿಕೊಂಡು ಬೆಂಚಿನ ಮೇಲೆ ಕಾದದ್ದೂ ಉಂಟು.

ಇಂಥವರಿಗೂ ಒಂದು ಜಂಭವಿತ್ತು, ಅದು ಮೂಗಿನದು. ಶೆಡ್ಡಿನ ಮೂಲೆಯಲ್ಲಿ ಒಂದೇ ಅಚ್ಚಿನ ಎರಡು ತಗಡಿನ ಡಬ್ಬಿಗಳಿದ್ದವು. ಒಂದರಲ್ಲಿ ನೀರಿನ ಪಂಪಿಗೆ ಬೇಕಾದ ಬರಿಯ ಪೆಟ್ರೋಲು. ಇನ್ನೊಂದರಲ್ಲಿ ಗರಗಸಕ್ಕಾಗಿ ಎಣ್ಣೆ ಬೆರೆಸಿದ ಪೆಟ್ರೋಲು. ಗರಗಸದ ಎಂಜಿನ್ನಿಗೆ ಜಿಡ್ಡು ಸಿಗುವುದು ಆ ಬೆರಕೆಯಿಂದಲೇ. ಬರಿಯ ಪೆಟ್ರೋಲು ಕುಡಿಸಿದರೆ ಸ್ವಲ್ಪ ಹೊತ್ತು ಅಬ್ಬರಿಸಿ ಒಳಗೇ ಕಚ್ಚಿಕೊಂಡು ನಿಲ್ಲುತ್ತದೆ. ಡಬ್ಬಿಗಳ ಮೇಲೆ ಹೆಸರು ಬರೆದಿಡಿ ಎಂದು ನಾನೇ ಎರಡು ಸಲ ಹೇಳಿದ್ದೆ. "ಮೂಗಿರೋರಿಗೆ ಚೀಟಿ ಯಾಕೆ, ಗುಮಾಸ್ತರೇ?" ಎಂದಿದ್ದರು. ಮುಚ್ಚಳ ತೆಗೆದು ಒಮ್ಮೆ ಮೂಸಿದರೆ ಅವರಿಗೆ ಸಾಕಿತ್ತು, ಹದಿನಾರು ವರ್ಷ ಸಾಕಾಗಿತ್ತು ಕೂಡ.

ಹದಿನೇಳನೆಯ ವರ್ಷದಲ್ಲಿ ಒಂದು ನೆಗಡಿ ಬಂತು. ಅದರ ಮಾರನೆಯ ದಿನವೇ ಬಿರುಗಾಳಿ ಬೀಸಿ ಶಾಲೆಯ ಗೋಡೆಯ ಮೇಲೆ ದೊಡ್ಡ ಮರವೊಂದು ಒರಗಿತು. ಕಟ್ಟಿದ ಮೂಗಿನಲ್ಲೇ ಅತ್ತಿಗೆ ದೊಡ್ಡ ಗರಗಸವನ್ನು ಸಜ್ಜುಮಾಡಿ, ರೂಢಿಯಂತೆ ಡಬ್ಬಿಯನ್ನು ಮೂಗಿನ ಬಳಿ ಹಿಡಿದು, ರೂಢಿಯಂತೆ ತಲೆಯಾಡಿಸಿ, ತುಂಬಿಕೊಟ್ಟರು. ಮೈದುನ ಕಾಂಡವನ್ನು ಅರ್ಧ ಕೊಯ್ದಿದ್ದಾಗ ಗರಗಸ ಕಿರುಚಿ ನಿಂತಿತು. ಮರ ಲಟಲಟ ಎಂದಿತು. ಅವನು ಯಂತ್ರವನ್ನು ಅಲ್ಲೇ ಬಿಟ್ಟು ಹಿಂದಕ್ಕೆ ಹಾರಿದ; ಕಾಂಡದ ಬುಡ ಸರಿದು, ಅವನ ಕಾಲುಗಳಿದ್ದ ಜಾಗದಲ್ಲೇ ಮಣ್ಣಿಗೆ ನಾಟಿತು.

ಸಂಜೆ ಕಚೇರಿಯಲ್ಲಿ ವರದಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಗರಗಸ ಹಳೆಯದು, ಆಯುಸ್ಸು ಮುಗಿದಿತ್ತು ಎಂದು ಬರೆದುಬಿಡಿ ಎಂದರು ಮೇಲಧಿಕಾರಿ. ಯಾರ ತಲೆಗೂ ತಪ್ಪು ಬರಬಾರದೆಂಬ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ನಾನೂ ಹಾಗೆಯೇ ಬರೆದೆ. ಅಷ್ಟರಲ್ಲಿ ಅತ್ತಿಗೆ ಆ ಗರಗಸವನ್ನು ಹೊತ್ತು ಒಳಗೆ ಬಂದರು. ಅದರ ಟ್ಯಾಂಕಿನಲ್ಲಿ ಉಳಿದಿದ್ದ ಪೆಟ್ರೋಲಿನ ನಾಲ್ಕು ಹನಿಗಳನ್ನು ನನ್ನ ಮೇಜಿನ ಮೇಲಿದ್ದ ಬಿಳಿ ಹಾಳೆಗೆ ಬಿಟ್ಟರು. ಹನಿಗಳು ಆರಿದವು. ಹಾಳೆಯ ಮೇಲೆ ಒಂದು ಚೂರೂ ಜಿಡ್ಡಿನ ಕಲೆ ಉಳಿಯಲಿಲ್ಲ.

"ಎಣ್ಣೆ ಇದ್ದಿದ್ರೆ ಕಲೆ ಇರ್ತಿತ್ತು. ಇದು ಪಂಪಿನ ಡಬ್ಬಿದು. ತುಂಬಿದ್ದು ನಾನು. ಹಾಗಂತ ಬರೀರಿ."

"ನೋಡಮ್ಮ," ಎಂದರು ಮೇಲಧಿಕಾರಿ, "ಹಾಗೆ ಬರೆದ್ರೆ ಶೆಡ್ಡಿನ ಕೀಲಿ ನಿಮ್ಮ ಕೈಯಲ್ಲಿ ಉಳಿಯಲ್ಲ. ಅದು ನಿಯಮ."

"ಗೊತ್ತು. ಯಂತ್ರ ಹಳೇದು ಅಂತ ಬರೆದ್ರೆ ನಾಳೆ ಹೊಸದು ತರ್ತೀರಿ. ಡಬ್ಬಿ ಅವೇ ಇರ್ತಾವೆ, ಮೂಗೂ ಇದೇ ಇರುತ್ತೆ."

ಕೀಲಿಗೊಂಚಲನ್ನು ಮೇಜಿನ ಮೇಲಿಟ್ಟರು. ಕಣ್ಣು ಕೆಂಪಾಗಿತ್ತು. ಅದು ನೆಗಡಿಯದ್ದಲ್ಲ ಎಂದು ನನಗೆ ಗೊತ್ತಿತ್ತು. ಬರೆದದ್ದನ್ನು ಹೊಡೆದುಹಾಕಿ ಹೊಸದಾಗಿ ಬರೆಯುವಾಗ ನನಗೆ ನನ್ನ ಮೇಲೇ ನಾಚಿಕೆಯಾಯಿತು.

ಎರಡು ದಿನ ಶೆಡ್ಡು ಹೊರಗಿನ ಮೆಕ್ಯಾನಿಕ್ ಒಬ್ಬನ ಕೈಯಲ್ಲಿತ್ತು. ಆ ಎರಡು ದಿನವೂ ಮೈದುನ ಅತ್ತಿಗೆಯ ಜೊತೆ ಮಾತಾಡಲಿಲ್ಲ. ಸಾವು ಅಂಗಾಲು ಸವರಿ ಹೋದವನು ಮುನಿಸಿಕೊಂಡರೆ ತಪ್ಪೆನ್ನಲಾಗದು. ಅತ್ತಿಗೆ ಕೋಟಿಲ್ಲದೆ ಬಂದು, ಕಚೇರಿಯ ಪಡಸಾಲೆಯಲ್ಲಿ ಹಳೆಯ ಹಗ್ಗಗಳನ್ನು ಸುರುಳಿ ಸುತ್ತುತ್ತ ಕೂತಿರುತ್ತಿದ್ದರು. ಮೂರನೆಯ ಬೆಳಗ್ಗೆ ಹೊರಡುವ ಹೊತ್ತಿಗೆ ಮೆಕ್ಯಾನಿಕ್ ಸಿದ್ಧಮಾಡಿಟ್ಟ ಗರಗಸವನ್ನು ಮೈದುನ ಎತ್ತಿಕೊಂಡ, ಚೈನನ್ನು ಒಮ್ಮೆ ಬೆರಳಿನಿಂದ ಎತ್ತಿ ನೋಡಿದ, ತಂಡದ ಮುಂದೆಯೇ ನೇರವಾಗಿ ಪಡಸಾಲೆಗೆ ನಡೆದು ಬಂದ.

"ಅತ್ತಿಗೆ, ಇದನ್ನ ನೀವು ನೋಡದೆ ನಾನು ಮರಕ್ಕೆ ಕೈ ಹಾಕಲ್ಲ."

"ನನ್ನಿಂದ್ಲೇ ಅಲ್ವೇನೋ ನಿನ್ನ ಕಾಲು ಹೋಗ್ತಿದ್ದಿದ್ದು?"

"ಹೌದು. ಆದ್ರೆ ಹಾಗಂತ ಬಾಯಿಬಿಟ್ಟು ಹೇಳಿದ್ದು ನೀವೊಬ್ರೇ."

ಅತ್ತಿಗೆ ಗರಗಸವನ್ನು ತೊಡೆಯ ಮೇಲಿಟ್ಟುಕೊಂಡು ಪ್ಲಗ್ ಬಿಚ್ಚಿದರು. ಮೇಲಧಿಕಾರಿ ಕಿಟಕಿಯಿಂದ ನೋಡುತ್ತಿದ್ದರು. ನಿಯಮವನ್ನು ಅವರು ಹೇಗೆ ಬಗ್ಗಿಸಿದರೋ ತಿಳಿಯದು, ಮಧ್ಯಾಹ್ನದ ಹೊತ್ತಿಗೆ ಕೀಲಿ ಮರಳಿತ್ತು.

ಮರದ ಕೆಳಗೆ ನಿಂತವನನ್ನು ಜನ ನೋಡುತ್ತಾರೆ. ಅವನ ಕೈಗೆ ಹತಾರ ಕೊಟ್ಟವರನ್ನು ನೋಡುವವರು ಕಡಿಮೆ. ಅಂಥವರು ಎಲ್ಲ ಕಸುಬಿನಲ್ಲೂ ಇರುತ್ತಾರೆ. ಅವರು ಎಂದೂ ಎಡವದವರೆಂದು ನಾನು ಒಂದು ಕಾಲಕ್ಕೆ ನಂಬಿದ್ದೆ. ಎಡವದವರು ಯಾರೂ ಇಲ್ಲ. ಇನ್ನೊಬ್ಬರ ಜೀವ ತಮ್ಮ ಕೆಲಸದ ಮೇಲೆ ನಿಂತಿದೆಯೆಂದು ಬಲ್ಲವರು, ತಪ್ಪು ತಮ್ಮದಾದ ದಿನ ಅದನ್ನು ಯಂತ್ರದ ತಲೆಗೆ ಕಟ್ಟುವುದಿಲ್ಲ. ಆದ್ದರಿಂದಲೇ ಮಾರನೆಯ ದಿನವೂ ಜನ ಅವರ ಕೈಯಿಂದಲೇ ಹತಾರ ಇಸಿದುಕೊಂಡು ಮರದ ಕೆಳಗೆ ಹೋಗಿ ನಿಲ್ಲುತ್ತಾರೆ.